‘ಬೇಡ’ ಅನ್ನೋ ಬಟನ್ ಮೊದಲು ಇಡಿ

ಮಗನಿಗೆ ಮೂರು ವರ್ಷ ದಾಟಿದರೂ ಮಾತು ಬಂದಿಲ್ಲ, ಟ್ಯಾಬ್ಲೆಟ್‌ನಲ್ಲಿ ಮಾತಾಡುವ ಆ್ಯಪ್ ಕೊಟ್ಟರೆ ಬಾಯಿಮಾತು ಬರೋದೇ ನಿಂತುಹೋಗುತ್ತಾ, ಇನ್ನೂ ಸ್ವಲ್ಪ ಕಾಯೋದು ಒಳ್ಳೆಯದಾ ಅಂತ ಕೇಳಿದ್ದೀರಿ. ನಾನೂ ಇದೇ ಭಯದಲ್ಲಿ ಕಾದವಳು. ಆದರೆ ನಮಗೆ ಹೊಡೆತ ಬಿದ್ದದ್ದು ಆ್ಯಪ್ ಕೊಟ್ಟಿದ್ದರಿಂದ ಅಲ್ಲ. ಅದರಲ್ಲಿ ಯಾವ ಪದ ಇರಬೇಕು, ಯಾವುದು ಇರಬಾರದು ಅಂತ ನಾನೊಬ್ಬಳೇ ತೀರ್ಮಾನ ಮಾಡಿದ್ದರಿಂದ.

ನಿಮ್ಮ ಭಯದ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಮಾತಿಗೆ ನೆರವಾಗುವ ಅಥವಾ ಮಾತಿನ ಬದಲು ಬಳಸುವ ಈ ಬಗೆಯ ಸಾಧನಗಳಿಗೆ ಎಎಸಿ (ಆಗ್ಮೆಂಟೇಟಿವ್ ಆ್ಯಂಡ್ ಆಲ್ಟರ್ನೇಟಿವ್ ಕಮ್ಯುನಿಕೇಶನ್) ಅಂತಾರೆ. ಇವು ಮಾತನ್ನು ತಡೆಯುತ್ತವಾ ಅಂತ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದ ಒಂದು ಪರಿಶೀಲನೆ 2006ರಲ್ಲಿ ಬಂತು. ಅದರಲ್ಲಿ ನಂಬಬಹುದಾದ ಪುರಾವೆ ಇದ್ದದ್ದು 27 ಜನರ ಬಗ್ಗೆ. ಒಬ್ಬರಿಗೂ ಮಾತು ಕಡಿಮೆ ಆಗಿರಲಿಲ್ಲ. ಹೆಚ್ಚಿನವರಿಗೆ ಸ್ವಲ್ಪವಾದರೂ ಜಾಸ್ತಿಯೇ ಆಗಿತ್ತು. ಸಣ್ಣ ಸಂಖ್ಯೆ, ನಿಜ. ಆದರೆ ಕಾಯುವುದರಿಂದ ಮಾತು ಬರುತ್ತದೆ ಅನ್ನೋದಕ್ಕೆ ಅಷ್ಟೂ ಆಧಾರ ಇಲ್ಲ ಅಲ್ವಾ.

ಈಗ ನಮ್ಮ ಕಥೆ. ನನ್ನ ಮಗಳಿಗೆ ಆಟಿಸಂ ಇದೆ. ಐದನೇ ವರ್ಷಕ್ಕೆ ಅವಳ ಕೈಗೆ ಟ್ಯಾಬ್ಲೆಟ್ ಬಂತು. ಪರದೆ ತುಂಬ ಚೌಕಗಳು, ಒಂದೊಂದರಲ್ಲೂ ಒಂದು ಚಿತ್ರ, ಮುಟ್ಟಿದರೆ ಪದ ಕೇಳುತ್ತದೆ. ಅವಳು ಎಲ್ಲಕ್ಕಿಂತ ಬೇಗ ಕಲಿತದ್ದು ‘ಬೇಡ’. ಎಡಗಡೆ, ಕೆಳಗಿನ ಮೂಲೆಯಲ್ಲಿತ್ತು. ಸ್ನಾನ ಬೇಡ, ತಲೆ ಬಾಚೋದು ಬೇಡ. ಥೆರಪಿ ಕೋಣೆಗೆ ಕಾಲಿಟ್ಟರೆ ಸಾಕು, ಬೇಡ ಬೇಡ ಬೇಡ ಅಂತ ಒಂದೇ ಸಮನೆ ಒತ್ತುತ್ತಿದ್ದಳು. ಥೆರಪಿ ಮಾಡುತ್ತಿದ್ದವರು, ಹೀಗಾದರೆ ಏನೂ ಕಲಿಸೋಕೆ ಆಗಲ್ಲ, ಆ ಬಟನ್ ಸ್ವಲ್ಪ ದಿನ ಮರೆಮಾಡಿ ಅಂದರು.

ಮಾಡಿದೆ. ಸೆಟ್ಟಿಂಗ್ಸ್‌ಗೆ ಹೋಗಿ ಒಂದು ಗುರುತು ತೆಗೆದರೆ ಆಯಿತು, ಅಷ್ಟು ಸುಲಭ. ಯಾಕೆ ಮಾಡಿದೆ ಅಂತ ಎಷ್ಟೋ ಸಲ ಯೋಚಿಸಿದ್ದೇನೆ. ಅವರು ಹೇಳಿದರು ಅಂತ ಮಾತ್ರ ಅಲ್ಲ. ಅಷ್ಟು ವರ್ಷ ಕಾದಮೇಲೆ ಮಗಳ ಬಾಯಿಂದ, ಅಂದರೆ ಆ ಟ್ಯಾಬ್ಲೆಟ್‌ನಿಂದ, ನಾನು ಕೇಳಬೇಕು ಅಂದುಕೊಂಡಿದ್ದು ಅಮ್ಮ, ಬೇಕು, ಇಷ್ಟ ಅನ್ನೋ ಪದಗಳು. ಬಂದದ್ದು ಬೇಡ. ನಾಲ್ಕು ಜನರ ಮುಂದೆ ಮಗು ತಾಯಿಗೆ ಬೇಡ ಬೇಡ ಅಂದರೆ ಎಲ್ಲರೂ ನೋಡೋದು ತಾಯಿಯ ಮುಖವನ್ನೇ. ಆ ನೋಟ ತಪ್ಪಿಸಿಕೊಳ್ಳೋಕೆ ನಾನು ಅವಳ ಪದ ಕಿತ್ತುಕೊಂಡೆ. ಮಾತಾಡುವ ಮಗುವಿನ ಬಾಯಿಗೆ ಬಟ್ಟೆ ತುರುಕಿದ ಹಾಗೇ ಇದು. ಆಗ ಹೊಳೆಯಲಿಲ್ಲ, ಯಾಕಂದರೆ ನಾನು ಬರೀ ಪರದೆ ಮುಟ್ಟಿದ್ದೆ.

ಆಮೇಲೆ ಅವಳು ಊಟ ಬಿಟ್ಟಳು. ತಟ್ಟೆ ತಳ್ಳೋದು, ರಾತ್ರಿ ಅಳೋದು, ಕೈಯಿಂದ ಕೆನ್ನೆಗೆ ಹೊಡೆದುಕೊಳ್ಳೋದು. ಟ್ಯಾಬ್ಲೆಟ್ ಮುಂದಿಟ್ಟರೆ ಬೆರಳು ನೇರ ಎಡಗಡೆಯ ಆ ಖಾಲಿ ಮೂಲೆಗೆ ಹೋಗುತ್ತಿತ್ತು. ಒತ್ತುತ್ತಿದ್ದಳು. ಸದ್ದಿಲ್ಲ. ಮತ್ತೆ ಒತ್ತುತ್ತಿದ್ದಳು. ನನ್ನ ಕಣ್ಣೆದುರೇ ನಡೆದದ್ದು ಇದು, ಹಠ ಅಂದುಕೊಂಡೆ. ಮೊದಲು ತೋರಿಸಿದ ಡಾಕ್ಟರು ಫೈಲ್ ನೋಡಿ, ಆಟಿಸಂ ಇರುವ ಮಕ್ಕಳು ಹೀಗೇ, ವರ್ತನೆಯ ಸಮಸ್ಯೆ ಅಂದರು. ಎರಡನೆಯವರು ಬಾಯಿ ಬಿಡಿಸಿ ಟಾರ್ಚ್ ಹಾಕಿದರು. ಹಿಂದಿನ ದವಡೆ ಹಲ್ಲು ಹುಳುಕಾಗಿ ಬುಡದಲ್ಲಿ ಕೀವು ತುಂಬಿತ್ತು.

ಬೇರೆ ಯಾವ ಕಾಯಿಲೆಯ ಲಕ್ಷಣ ಬಂದರೂ ಅದನ್ನು ಮೊದಲೇ ಇರುವ ಅಂಗವೈಕಲ್ಯದ ಲೆಕ್ಕಕ್ಕೆ ಬರೆದುಬಿಡುವುದಕ್ಕೆ ವೈದ್ಯಕೀಯದಲ್ಲಿ ಒಂದು ಹೆಸರೇ ಇದೆ, ಡಯಾಗ್ನೋಸ್ಟಿಕ್ ಓವರ್‌ಶ್ಯಾಡೋಯಿಂಗ್. ಡಾಕ್ಟರ ತಪ್ಪು ಇದ್ದೇ ಇದೆ. ಆದರೆ ಅವಳು ತಾನೇ ಹೇಳಬಹುದಾಗಿದ್ದ ಒಂದೇ ದಾರಿ ಮುಚ್ಚಿದವಳು ನಾನು. ‘ನೋವು’ ಅನ್ನೋ ಪದವನ್ನಂತೂ ನಾನು ಹಾಕಿಯೇ ಇರಲಿಲ್ಲ.

ನೀವು ಕೊನೆಗೆ ‘ಒಳ್ಳೆ ತಾಯಿ ಏನು ಮಾಡಬೇಕು’ ಅಂತಲೂ ಬರೆದಿದ್ದೀರಿ. ಈ ಪ್ರಶ್ನೆಯನ್ನೇ ಬಿಡಿ ಅಂತೀನಿ. ಇದು ನಿಮ್ಮ ತಲೆಯಲ್ಲಿ ಸುಮ್ನೆ ಹುಟ್ಟಿದ್ದಲ್ಲ. ಆಟಿಸಂ ಬಗ್ಗೆ 1943ರಲ್ಲಿ ಬರೆದ ಮನೋವೈದ್ಯ ಲಿಯೋ ಕ್ಯಾನರ್ ಅವರೇ ಮುಂದೆ ತಂದೆತಾಯಿಯರ ತಣ್ಣಗಿನ, ಪ್ರೀತಿ ತೋರದ ಸ್ವಭಾವದ ಕಡೆ ಬೆರಳು ತೋರಿಸಿದರು. ಅಮೆರಿಕದಲ್ಲಿ ಇಂಥ ಮಕ್ಕಳ ಶಾಲೆ ನಡೆಸುತ್ತಿದ್ದ ಬ್ರೂನೋ ಬೆಟೆಲ್‌ಹೈಮ್ 1967ರಲ್ಲಿ ಅದನ್ನು ಇನ್ನೂ ಜೋರಾಗಿ ಹೇಳಿದರು. ಇಂಥ ಮಕ್ಕಳ ತಾಯಂದಿರಿಗೆ ‘ರೆಫ್ರಿಜರೇಟರ್ ತಾಯಿ’ ಅಂತಲೇ ಹೆಸರು ಬಿತ್ತು. ಇದು ಮಿದುಳಿನ ಬೆಳವಣಿಗೆಯ ವಿಷಯ, ತಾಯಂದಿರ ತಪ್ಪಲ್ಲ ಅಂತ 1964ರಲ್ಲೇ ವಾದಿಸಿದ ಬರ್ನಾರ್ಡ್ ರಿಮ್ಲಂಡ್ ಮನಶ್ಶಾಸ್ತ್ರಜ್ಞ, ಜೊತೆಗೆ ಆಟಿಸಂ ಇದ್ದ ಮಗನ ತಂದೆ. ಆ ಸಿದ್ಧಾಂತ ಬಿದ್ದುಹೋಯಿತು, ತಾಯಿಯನ್ನು ಅಳೆಯುವ ಅಭ್ಯಾಸ ಹೋಗಿಲ್ಲ. ಈಗ ನಮ್ಮನ್ನು ಥೆರಪಿಸ್ಟ್, ಟೆಕ್ನೀಷಿಯನ್, ಚಾರ್ಜರ್ ಹಿಡಿದು ಓಡುವವಳು ಎಲ್ಲವೂ ಮಾಡಿ, ಮಗು ಎಷ್ಟು ಕಲಿತಿದೆ ಅಂತ ನಮ್ಮನ್ನೇ ಕೇಳುತ್ತಾರೆ. ನಾನು ಬಟನ್ ಮುಚ್ಚಿದ್ದು ಈ ಪರೀಕ್ಷೆ ಪಾಸಾಗೋಕೆ.

ಹಾಗಾಗಿ ಯಾವ ಆ್ಯಪ್ ಅನ್ನೋದಕ್ಕಿಂತ ಇದು ಮುಖ್ಯ. ಬೇಡ, ನಿಲ್ಲಿಸು, ನೋವು, ಇಲ್ಲಿ. ಈ ನಾಲ್ಕು ಮೊದಲ ದಿನದಿಂದಲೇ ಇರಲಿ, ಯಾರು ಹೇಳಿದರೂ ತೆಗೆಯಬೇಡಿ. ಜಾಗವನ್ನೂ ಬದಲಾಯಿಸಬೇಡಿ, ಬೆರಳು ಜಾಗವನ್ನೇ ನೆನಪಿಟ್ಟುಕೊಳ್ಳುತ್ತದೆ, ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಶಿಕ್ಷೆ ಅಂತ ಟ್ಯಾಬ್ಲೆಟ್ ಕಿತ್ತುಕೊಳ್ಳಬೇಡಿ. ‘ಇದು ಏನು ಹೇಳು’ ಅಂತ ಪರೀಕ್ಷೆ ಮಾಡುವ ಬದಲು ನೀವೇ ಮಾತಾಡುತ್ತಾ ಅದನ್ನು ಒತ್ತಿ, ಅವನು ನೋಡಲಿ. ಅವನ ಕೈ ಹಿಡಿದು ಮಾತ್ರ ಒತ್ತಿಸಬೇಡಿ. ಹಾಗೆ ಕೈ ಹಿಡಿದು ಟೈಪ್ ಮಾಡಿಸುವ ವಿಧಾನವನ್ನು 1990ರ ದಶಕದಲ್ಲಿ ಪರೀಕ್ಷಿಸಿದರು. ಮಗುವಿಗೆ ಒಂದು ಚಿತ್ರ, ಕೈ ಹಿಡಿದವರಿಗೆ ಇನ್ನೊಂದು ಚಿತ್ರ ತೋರಿಸಿದಾಗ ಟೈಪ್ ಆದದ್ದು ಕೈ ಹಿಡಿದವರು ನೋಡಿದ್ದು.

ಡಾಕ್ಟರ ಹತ್ತಿರ ಹೋಗುವಾಗಲೂ ಟ್ಯಾಬ್ಲೆಟ್ ಜೊತೆಗಿರಲಿ. ಅವರು ನಿಮ್ಮನ್ನು ಕೇಳಿದರೆ, ಅವನನ್ನು ಕೇಳಿ, ಉತ್ತರಕ್ಕೆ ಸ್ವಲ್ಪ ಕಾಯಿರಿ ಅಂತ ಹೇಳಿ. ಮತ್ತೆ, ಆ್ಯಪ್ ಆಯ್ಕೆಗೆ ತಿಂಗಳುಗಟ್ಟಲೆ ಬೇಕಾದರೆ ತಗೊಳ್ಳಿ, ಆದರೆ ಅಲ್ಲಿಯವರೆಗೂ ಸುಮ್ನೆ ಕೂರಬೇಡಿ. ಒಂದು ರಟ್ಟಿನ ಮೇಲೆ ಆ ನಾಲ್ಕು ಪದಕ್ಕೆ ಚಿತ್ರ ಬರೆದು ಇವತ್ತೇ ಅವನ ಮುಂದಿಡಿ.