ಫೋನ್ ಎತ್ತಲಿಲ್ಲ ಅಂದ್ರೆ ಕೆಟ್ಟದ್ದೇ ಆಗಿರ್ಬೇಕಾ?

ಪ್ರಶ್ನೆ: ಮಗ ಉಡುಪಿಲಿ ಓದ್ತಿದಾನೆ. ಶನಿವಾರ ಊರಿಗೆ ಬರೋವಾಗ ಫೋನ್ ಎತ್ತಲಿಲ್ಲ ಅಂದ್ರೆ ಬಸ್ಸು ಘಾಟಿಲಿ ಬಿದ್ದೇ ಹೋಯ್ತು ಅನ್ಸುತ್ತೆ, ಕೈ ನಡುಗುತ್ತೆ. ಎಲ್ಲದಕ್ಕೂ ಹೀಗೇ ಕೆಟ್ಟದ್ದೇ ಯೋಚ್ನೆ. ಬಿಡೋದು ಹೇಗೆ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಅಕ್ಕಾ, ಮೊದಲು ನಿಮ್ಮನ್ನ ನೀವೇ ಬೈಕೊಳ್ಳೋದು ನಿಲ್ಸಿ. ಈ ಯೋಚ್ನೆಗಳು ನಾವು ಕರೆದು ಬರೋದಲ್ಲ, ತಾವಾಗೇ ನುಗ್ತವೆ, 1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಆರನ್ ಬೆಕ್ ತಮ್ಮ ರೋಗಿಗಳಲ್ಲಿ ಇದನ್ನೇ ಗಮನಿಸಿ, ಆ ಯೋಚ್ನೆನ ಹಿಡಿದು ಪರೀಕ್ಷೆ ಮಾಡೋ ಚಿಕಿತ್ಸೆ ಬೆಳೆಸಿದ್ರು. ಯೋಚ್ನೆ ಬರ್ಬಾರ್ದು ಅಂತ ಒತ್ತಿ ಹಿಡಿದ್ರೆ ಇನ್ನೂ ಜೋರಾಗಿ ಬರುತ್ತೆ, ಅದಕ್ಕೇ ಒತ್ತಬೇಡಿ, ಬರೀರಿ.

ಹಾಲಿನ ಲೆಕ್ಕ ಬರೆಯೋ ಪುಸ್ತಕದ ಹಿಂದಿನ ಹಾಳೆ ಸಾಕು. "ಸಂಜೆ 6.20, ಫೋನ್ ಎತ್ತಲಿಲ್ಲ." ಇದು ನಡೆದದ್ದು. "ಬಸ್ಸು ಬಿತ್ತು." ಇದು ಮನಸ್ಸು ಹೇಳಿದ್ದು. ಕೆಳಗೆ ಬೇರೆ ಏನಾಗಿರಬಹುದು ಅಂತ ಬರೀರಿ: ಆಗುಂಬೆ ಘಾಟಿಲಿ ನೆಟ್‌ವರ್ಕ್ ಇಲ್ಲ, ಚಾರ್ಜ್ ಖಾಲಿ, ನಿದ್ದೆ ಹೊಡೀತಿದಾನೆ. ಅವನು ಮನೆಗೆ ಬಂದು ಒದ್ದೆ ಚಪ್ಪಲಿ ಬಿಟ್ಟ ಮೇಲೆ ನಿಜವಾಗಿ ಏನಾಗಿತ್ತು ಅಂತಾನೂ ಅದೇ ಹಾಳೆಲಿ ಬರೀರಿ, ಇದನ್ನ ಮರೀಬೇಡಿ, ನನಗೆ ಇದೇ ಮುಖ್ಯ ಅನ್ಸುತ್ತೆ, ಯಾಕಂದ್ರೆ ಮನಸ್ಸು ಹೆದರಿದ್ದನ್ನ ನೆನಪಿಟ್ಕೊಳ್ಳುತ್ತೆ, ಸುಳ್ಳಾದದ್ದನ್ನ ಮರೆತುಬಿಡುತ್ತೆ. ಒಂದೆರಡು ವಾರದಲ್ಲಿ ಹೋಗಲ್ಲ, ತಿಂಗಳುಗಟ್ಟಲೆ ಬೇಕು.

ಆದ್ರೆ ಎರಡು ವಾರ ಸತತವಾಗಿ ನಿದ್ದೆ ಬರ್ತಿಲ್ಲ, ಊಟ ಸೇರ್ತಿಲ್ಲ, ಅಥವಾ ಬದುಕೇ ಬೇಡ ಅನ್ಸಿದ್ರೆ ಕಾಯಬೇಡಿ. ಟೆಲಿ ಮಾನಸ್ ಅನ್ನೋ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಸರ್ಕಾರದ್ದು, ಉಚಿತ, ದಿನದ 24 ಗಂಟೆನೂ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಲೂ ಮನೋವೈದ್ಯರಿದ್ದಾರೆ, ಹೋಗೋವಾಗ ಆ ಹಾಳೆ ತಗೊಂಡು ಹೋಗಿ.