ಬಿಸಿಲು ಕೆಡಿಸಿದ ಡಿಎನ್‌ಎಯನ್ನು ಜೀವಕೋಶ ಸರಿಪಡಿಸುವ ಬಗೆಯನ್ನು ಅಜೀಜ್ ಸಂಜಾರ್ ಕಂಡುಕೊಂಡದ್ದು ಹೇಗೆ?

ನೀವು ಕೇಳಿರುವುದು ಎರಡು ಸಂಗತಿ. ಬಿಸಿಲಿನಿಂದ ಡಿಎನ್‌ಎಗೆ ಆಗುವ ಹಾನಿಯನ್ನು ಜೀವಕೋಶ ತಾನೇ ದುರಸ್ತಿ ಮಾಡಿಕೊಳ್ಳುತ್ತದೆ ಎನ್ನುತ್ತಾರಲ್ಲ, ಸಾಮಾನ್ಯ ಸೂಕ್ಷ್ಮದರ್ಶಕಕ್ಕೂ ಕಾಣದ ಆ ಕೆಲಸ ನಡೆಯುವ ಬಗೆ ತಿಳಿದದ್ದು ಹೇಗೆ ಎಂಬುದು ಒಂದು. ಇದಕ್ಕಾಗಿ 2015ರ ರಸಾಯನ ವಿಜ್ಞಾನದ ನೊಬೆಲ್ ಪಡೆದ ಮೂವರಲ್ಲಿ ಒಬ್ಬರಾದ ಅಜೀಜ್ ಸಂಜಾರ್ ನಿಜವಾಗಿ ಮಾಡಿದ್ದೇನು ಎಂಬುದು ಇನ್ನೊಂದು. ನಾನು ಪದವಿ ತರಗತಿಗಳಿಗೆ ಸೂಕ್ಷ್ಮಜೀವಿ ವಿಜ್ಞಾನ ಕಲಿಸುತ್ತೇನೆ. ಪ್ರತಿ ವರ್ಷ ಈ ಪಾಠ ಬಂದಾಗ ನಿಗದಿಯಾದ ಅವಧಿ ಸಾಲದೇ ಹೋಗುತ್ತದೆ. ಆದ್ದರಿಂದ ಉತ್ತರ ಸ್ವಲ್ಪ ಉದ್ದವಾದರೆ ಮನ್ನಿಸಬೇಕು.

ಹಾನಿ ಎಂದರೆ ಏನು ಎಂಬುದನ್ನು ಮೊದಲು ಹೇಳುತ್ತೇನೆ. ಡಿಎನ್‌ಎ ಎರಡು ಎಳೆಗಳ ಹುರಿ. ಎಳೆಯಲ್ಲಿ ಸಾಲಾಗಿರುವ ನಾಲ್ಕು ಬಗೆಯ ರಾಸಾಯನಿಕ ಘಟಕಗಳನ್ನು ಅದರ ಅಕ್ಷರಗಳೆನ್ನೋಣ. ಒಂದು ಎಳೆಯ ಅಡೆನಿನ್‌ಗೆ ಎದುರಾಗಿ ಇನ್ನೊಂದರಲ್ಲಿ ಥೈಮಿನ್, ಗ್ವಾನಿನ್‌ಗೆ ಎದುರಾಗಿ ಸೈಟೋಸಿನ್ ಇರಬೇಕೆಂಬುದು ಅದರ ಕಟ್ಟಳೆ. ಒಂದೇ ಎಳೆಯಲ್ಲಿ ಎರಡು ಥೈಮಿನ್‌ಗಳು ಅಕ್ಕಪಕ್ಕ ಇರುವ ಕಡೆ ಅತಿನೇರಳೆ ಕಿರಣ ಬಿದ್ದರೆ ಅವೆರಡೂ ಒಂದಕ್ಕೊಂದು ಬೆಸೆದುಕೊಂಡುಬಿಡುತ್ತವೆ. ಆ ಜಾಗದಲ್ಲಿ ಹುರಿ ಸೊಟ್ಟಗಾಗುತ್ತದೆ, ಡಿಎನ್‌ಎಯನ್ನು ನಕಲು ಮಾಡುತ್ತಾ ಬರುವ ಕಿಣ್ವ ಅಲ್ಲಿ ಮುಗ್ಗರಿಸುತ್ತದೆ. ಈ ಬೆಸುಗೆಯನ್ನು ಬಿಡಿಸದಿದ್ದರೆ ಕೋಶ ಸಾಯುತ್ತದೆ, ಇಲ್ಲವೇ ತಪ್ಪು ಅಕ್ಷರವನ್ನು ಮುಂದಿನ ಪೀಳಿಗೆಗೆ ದಾಟಿಸುತ್ತದೆ.

ನಮ್ಮ ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗಳಿಗೆ ಒಂದು ಸರಳ ಪ್ರಯೋಗ ಮಾಡಿಸುತ್ತೇನೆ. ಎರಡು ಪೆಟ್ರಿ ತಟ್ಟೆಗಳ ಮೇಲೆ ಇ. ಕೋಲೈ ಬ್ಯಾಕ್ಟೀರಿಯಾವನ್ನು ಒಂದೇ ಪ್ರಮಾಣದಲ್ಲಿ ಹರಡಿ, ಮುಚ್ಚಳ ತೆಗೆದು, ಅತಿನೇರಳೆ ದೀಪದ ಕೆಳಗೆ ಒಂದೇ ಹೊತ್ತು ಇಡುತ್ತೇವೆ. ಅನಂತರ ಒಂದು ತಟ್ಟೆಯನ್ನು ಕೂಡಲೇ ಕಪ್ಪು ಕಾಗದದಲ್ಲಿ ಸುತ್ತಿಟ್ಟು, ಇನ್ನೊಂದನ್ನು ಒಂದು ಗಂಟೆ ಕಿಟಕಿಯ ಗಾಜಿನ ಬಳಿ ಬೆಳಕಿನಲ್ಲಿಟ್ಟು, ಎರಡನ್ನೂ 37 ಡಿಗ್ರಿಯ ಪೆಟ್ಟಿಗೆಗೆ ಸೇರಿಸುತ್ತೇವೆ. ಮರುದಿನ ಕಪ್ಪು ಕಾಗದ ಬಿಚ್ಚಿದರೆ ಅಲ್ಲೊಂದು ಇಲ್ಲೊಂದು ಬಿಳಿಯ ಚುಕ್ಕೆ ಮಾತ್ರ ಕಾಣುತ್ತದೆ. ಬೆಳಕು ಕಂಡ ತಟ್ಟೆಯಲ್ಲಿ ಚುಕ್ಕೆಗಳು ಒತ್ತೊತ್ತಾಗಿ ತುಂಬಿಕೊಂಡಿರುತ್ತವೆ. ಕೊಂದದ್ದೂ ಬೆಳಕು, ಬದುಕಿಸಿದ್ದೂ ಬೆಳಕು ಎಂದು ತಿಳಿದ ಕ್ಷಣದಲ್ಲಿ ವಿದ್ಯಾರ್ಥಿಗಳ ಮುಖ ನೋಡುವುದು ನನಗೆ ಆ ವಾರದ ದೊಡ್ಡ ಸಂತೋಷ.

ಈ ವಿಚಿತ್ರವನ್ನು 1949ರಲ್ಲಿ ಆಲ್ಬರ್ಟ್ ಕೆಲ್ನರ್ ಮತ್ತು ರೆನಾಟೊ ಡುಲ್ಬೆಕೊ ಬೇರೆ ಬೇರೆಯಾಗಿ ವರದಿ ಮಾಡಿದ್ದರು. ಇದರ ಹಿಂದೆ ಒಂದು ಕಿಣ್ವವಿದೆಯೆಂದು ಅನಂತರ ತೋರಿಸಿದವರು ಕ್ಲಾಡ್ ಸ್ಟ್ಯಾನ್ಲಿ ರೂಪರ್ಟ್. ಟರ್ಕಿಯ ಮಾರ್ದಿನ್ ಪ್ರಾಂತದ ಸಾವುರ್ ಎಂಬ ಸಣ್ಣ ಊರಿನಲ್ಲಿ, ಓದುಬರಹ ಬಾರದ ತಂದೆತಾಯಿಗಳ ಮಗನಾಗಿ 1946ರಲ್ಲಿ ಹುಟ್ಟಿದ ಸಂಜಾರ್, ಇಸ್ತಾಂಬುಲ್‌ನಲ್ಲಿ ವೈದ್ಯಕೀಯ ಮುಗಿಸಿ, ತಮ್ಮ ಊರಿನ ಸೀಮೆಯಲ್ಲೇ ಕೆಲಕಾಲ ವೈದ್ಯರಾಗಿದ್ದು, ಕೊನೆಗೆ ಅಮೆರಿಕದ ಡಲ್ಲಾಸ್‌ನಲ್ಲಿದ್ದ ಇದೇ ರೂಪರ್ಟ್ ಅವರ ಪ್ರಯೋಗಾಲಯ ಸೇರಿದರು. 1976ರಲ್ಲಿ, ಜೀನ್‌ಗಳನ್ನು ಕತ್ತರಿಸಿ ಅಂಟಿಸುವ ವಿದ್ಯೆ ಇನ್ನೂ ಅಂಬೆಗಾಲಿಡುತ್ತಿದ್ದಾಗ, ಆ ಕಿಣ್ವದ ಜೀನನ್ನು ಪ್ರತ್ಯೇಕಿಸಿ, ಅದನ್ನು ಬ್ಯಾಕ್ಟೀರಿಯಾದಲ್ಲಿ ಹೆಚ್ಚಿನ ಪ್ರಮಾಣದಲ್ಲಿ ತಯಾರಾಗುವಂತೆ ಮಾಡಿದರು. ಫೋಟೋಲಯೇಸ್ ಎಂಬ ಈ ಕಿಣ್ವ ನೀಲಿ ಬೆಳಕನ್ನು ಹೀರಿ, ಒಂದು ಎಲೆಕ್ಟ್ರಾನನ್ನು ಬೆಸೆದುಕೊಂಡ ಥೈಮಿನ್‌ಗಳಿಗೆ ಕಡ ಕೊಟ್ಟು, ಬೆಸುಗೆ ಬಿಟ್ಟೊಡನೆ ಅದನ್ನು ಮರಳಿ ಪಡೆಯುತ್ತದೆ ಎಂಬುದನ್ನು ಅವರ ತಂಡ ಮುಂದೆ ವಿವರವಾಗಿ ತೋರಿಸಿತು. ಆದರೆ ಇದು ಮನುಷ್ಯರಲ್ಲಿಲ್ಲ. ನಮ್ಮಲ್ಲಿ ಉಳಿದಿರುವುದು ಅದರ ದಾಯಾದಿಯಾದ ಕ್ರಿಪ್ಟೋಕ್ರೋಮ್. ಅದರ ಕೆಲಸ ದುರಸ್ತಿಯಲ್ಲ, ದೇಹದ ದಿನಚರಿಯ ಗಡಿಯಾರಕ್ಕೆ ಸೇರಿದ್ದು.

ಕಪ್ಪು ಕಾಗದದೊಳಗಿನ ಆ ನಾಲ್ಕಾರು ಚುಕ್ಕೆಗಳನ್ನು ಈಗ ನೆನಪಿಗೆ ತಂದುಕೊಳ್ಳಿ. ಬೆಳಕಿಲ್ಲದೆಯೂ ಕೆಲವು ಬದುಕಿದ್ದು ಹೇಗೆ? 1964ರಲ್ಲಿ ಸೆಟ್ಲೋ ಮತ್ತು ಕ್ಯಾರಿಯರ್ ಒಂದು ಕಡೆ, ಬಾಯ್ಸ್ ಮತ್ತು ಹೊವಾರ್ಡ್-ಫ್ಲಾಂಡರ್ಸ್ ಇನ್ನೊಂದು ಕಡೆ, ಬೆಸೆದುಕೊಂಡ ಥೈಮಿನ್‌ಗಳು ಡಿಎನ್‌ಎಯಿಂದ ಹೊರಬೀಳುತ್ತವೆ ಎಂದು ತೋರಿಸಿದ್ದರು. ಈ ಕೆಲಸಕ್ಕೆ ಯುವಿಆರ್-ಎ, ಯುವಿಆರ್-ಬಿ, ಯುವಿಆರ್-ಸಿ ಎಂಬ ಮೂರು ಜೀನ್‌ಗಳು ಬೇಕೆಂಬುದೂ ತಿಳಿದಿತ್ತು. ಅವು ತಯಾರಿಸುವ ಪ್ರೋಟೀನುಗಳು ಮಾತ್ರ ಕೈಗೆ ಸಿಕ್ಕಿರಲಿಲ್ಲ, ಏಕೆಂದರೆ ಕೋಶದ ಸಾವಿರಾರು ಪ್ರೋಟೀನುಗಳ ಸಂತೆಯಲ್ಲಿ ಇವು ತೀರ ಅತ್ಯಲ್ಪ. ಸಂಜಾರ್ ಪಿಎಚ್‌.ಡಿ. ಮುಗಿಸಿ ಮೂರು ಕಡೆ ಮುಂದಿನ ಸಂಶೋಧನೆಗೆ ಅರ್ಜಿ ಹಾಕಿದರು, ಮೂರೂ ತಿರಸ್ಕೃತವಾದವು. ಈ ವಿಷಯ ಬಿಡಲು ಮನಸ್ಸಿಲ್ಲದೆ ಯೇಲ್ ವಿಶ್ವವಿದ್ಯಾಲಯದಲ್ಲಿ ಡೀನ್ ರಪ್ ಅವರ ಬಳಿ ಪ್ರಯೋಗಾಲಯದ ತಂತ್ರಜ್ಞನ ಹುದ್ದೆ ಹಿಡಿದರು.

ಅಲ್ಲಿ ಅವರು 1979ರಲ್ಲಿ ಪ್ರಕಟಿಸಿದ ಮ್ಯಾಕ್ಸಿಸೆಲ್ ವಿಧಾನವೇ ನನ್ನ ದೃಷ್ಟಿಯಲ್ಲಿ ಅವರ ಅತ್ಯಂತ ಜಾಣ ಕೆಲಸ. ನೊಬೆಲ್ ಸುದ್ದಿಯ ಜೊತೆಗೆ ಬಂದ ಬರಹಗಳು ಇದರ ಮೇಲೆ ಹೆಚ್ಚು ಹೊತ್ತು ನಿಲ್ಲದಿದ್ದುದು ನನಗೆ ಬೇಸರ ತಂದಿತ್ತು. ದುರಸ್ತಿಯ ಶಕ್ತಿಯನ್ನೇ ಕಳೆದುಕೊಂಡ ಒಂದು ಇ. ಕೋಲೈ ತಳಿಯನ್ನು ತೆಗೆದುಕೊಂಡು, ತಮಗೆ ಬೇಕಾದ ಜೀನನ್ನು ಪ್ಲಾಸ್ಮಿಡ್ ಎಂಬ ಚಿಕ್ಕ ಡಿಎನ್‌ಎ ಬಳೆಯೊಳಗೆ ಇಟ್ಟು ಅದರೊಳಗೆ ಸೇರಿಸಿ, ಮೇಲೆ ಅತಿನೇರಳೆ ಕಿರಣ ಹಾಯಿಸಿದರು. ಬ್ಯಾಕ್ಟೀರಿಯಾದ ವರ್ಣತಂತುವಿನ ಉದ್ದ ಸುಮಾರು 46 ಲಕ್ಷ ಅಕ್ಷರಜೋಡಿಗಳು; ಪ್ಲಾಸ್ಮಿಡ್ಡಿನದು ಕೆಲವೇ ಸಾವಿರ. ದೊಡ್ಡ ಗುರಿಗೆ ಏಟು ಬೀಳದೆ ಇರದು, ಚಿಕ್ಕ ಗುರಿ ಎಷ್ಟೋ ಸಲ ತಪ್ಪಿಸಿಕೊಳ್ಳುತ್ತದೆ. ದುರಸ್ತಿಗೆ ಗತಿಯಿಲ್ಲದ ವರ್ಣತಂತು ಕೆಲವು ಗಂಟೆಗಳಲ್ಲಿ ಚೂರುಚೂರಾಗಿ ಕರಗಿ ಹೋಗುತ್ತದೆ, ಪ್ಲಾಸ್ಮಿಡ್ ಮಾತ್ರ ಉಳಿದು ಹೆಚ್ಚುತ್ತಾ ಹೋಗುತ್ತದೆ. ಆ ಹೊತ್ತಿಗೆ ಪ್ರೋಟೀನುಗಳ ಕಟ್ಟಡಕ್ಕೆ ಬೇಕಾಗುವ ಮೆಥಿಯೋನಿನ್ ಎಂಬ ಅಮೈನೋ ಆಮ್ಲವನ್ನು ವಿಕಿರಣಶೀಲ ಗಂಧಕದ ಗುರುತಿನೊಡನೆ ಉಣಿಸಿದರೆ, ಆ ಕೋಶದಲ್ಲಿ ಹೊಸದಾಗಿ ತಯಾರಾಗುವ ಪ್ರೋಟೀನುಗಳೆಲ್ಲ ಪ್ಲಾಸ್ಮಿಡ್ಡಿನವೇ ಆಗಿರುತ್ತವೆ. ಅವನ್ನು ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸುವ ಜೆಲ್ ಮೇಲೆ ಓಡಿಸಿ ಎಕ್ಸ್-ರೇ ಫಿಲ್ಮ್ ಇಟ್ಟರೆ ಸಂತೆಯೆಲ್ಲ ಮಾಯವಾಗಿ, ಬೇಕಾದ ಪ್ರೋಟೀನಿನ ಪಟ್ಟೆ ಎದ್ದು ಕಾಣುತ್ತದೆ. ದುರಸ್ತಿಯ ಪ್ರೋಟೀನುಗಳನ್ನು ಹಿಡಿಯಲು ದುರಸ್ತಿ ಬಾರದ ಕೋಶವನ್ನೇ ಬಲೆಯಾಗಿ ಹೂಡಿದ್ದು ಈ ಪ್ರಯೋಗದ ಜೀವಾಳ. ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರವೂ ಇಲ್ಲಿಯೇ ಇದೆ: ಸರಿಯಾಗಿ ಕೆಲಸ ಮಾಡುವ ಕೋಶದಲ್ಲಿ ದುರಸ್ತಿ ಕಣ್ಣಿಗೆ ಬೀಳುವುದಿಲ್ಲ, ಅದು ಎಲ್ಲಿ ಕೆಟ್ಟಿದೆಯೋ ಅಲ್ಲಿ ನಿಂತು ನೋಡಿದವರಿಗೇ ಅದು ಕಂಡದ್ದು.

ಹೀಗೆ ಗುರುತು ಹಿಡಿದ ಮೂರು ಪ್ರೋಟೀನುಗಳನ್ನು ಶುದ್ಧೀಕರಿಸಿ, ಕೆಟ್ಟ ಡಿಎನ್‌ಎ ಮತ್ತು ಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ ಎಂಬ ಅಣುವಿನ ಜೊತೆ ನಳಿಕೆಯಲ್ಲಿ ಬೆರೆಸಿದ ಫಲಿತಾಂಶವನ್ನು ಸಂಜಾರ್ ಮತ್ತು ರಪ್ 1983ರಲ್ಲಿ ಪ್ರಕಟಿಸಿದರು. ಹಾನಿಯ ಪಕ್ಕದಲ್ಲಿ ಮೊದಲು ಒಂದು ಕಡೆ ಮಾತ್ರ ಕತ್ತರಿ ಬೀಳುತ್ತದೆ ಎಂಬುದು ಅಲ್ಲಿಯವರೆಗಿನ ಸಾಮಾನ್ಯ ನಂಬಿಕೆಯಾಗಿತ್ತು. ಕಂಡದ್ದು ಬೇರೆ. ಮೂರೂ ಸೇರಿದಾಗ ಕತ್ತರಿ ಎರಡೂ ಕಡೆ ಬೀಳುತ್ತದೆ: ಅಕ್ಷರಗಳನ್ನು ಒಂದಕ್ಕೊಂದು ಜೋಡಿಸುವ ಬಂಧಗಳನ್ನು ಹಾನಿಯ ಜಾಗದಿಂದ ಎಣಿಸಿದರೆ, ಒಂದು ಪಕ್ಕದಲ್ಲಿ ಎಂಟನೆಯ ಬಂಧದ ಬಳಿ, ಇನ್ನೊಂದು ಪಕ್ಕದಲ್ಲಿ ನಾಲ್ಕನೆಯ ಅಥವಾ ಐದನೆಯ ಬಂಧದ ಬಳಿ. ಕೆಟ್ಟ ಜಾಗವನ್ನು ನಡುವೆ ಇಟ್ಟುಕೊಂಡ 12 ಅಥವಾ 13 ಅಕ್ಷರಗಳ ತುಣುಕು ಹೊರಬರುತ್ತದೆ. ಖಾಲಿಯಾದ ಜಾಗವನ್ನು ಎದುರು ಎಳೆಯನ್ನು ನೋಡಿ ಬೇರೊಂದು ಕಿಣ್ವ ತುಂಬುತ್ತದೆ, ಇನ್ನೊಂದು ಕೊನೆಯ ಬಿರುಕನ್ನು ಮುಚ್ಚುತ್ತದೆ. ಡಿಎನ್‌ಎಗೆ ಎರಡು ಎಳೆಗಳಿರುವುದರ ಬೆಲೆ ನನಗೆ ನಿಜವಾಗಿ ಅರ್ಥವಾದದ್ದು ಇದನ್ನು ಓದಿದಾಗ.

ಆ ವೇಳೆಗೆ ಸಂಜಾರ್ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ಚಾಪೆಲ್ ಹಿಲ್‌ಗೆ ಸೇರಿದ್ದರು. ಮುಂದಿನ ಪ್ರಶ್ನೆ ಮನುಷ್ಯರದು. ಇಲ್ಲಿಯೂ ದಾರಿ ತೋರಿಸಿದ್ದು ಕೆಟ್ಟ ಕೋಶಗಳೇ. ಕ್ಸೀರೋಡರ್ಮಾ ಪಿಗ್ಮೆಂಟೋಸಮ್ ಎಂಬ ಆನುವಂಶಿಕ ಕಾಯಿಲೆಯ ಮಕ್ಕಳ ಚರ್ಮ ಬಿಸಿಲು ತಾಗಿದಲ್ಲೆಲ್ಲ ಒಣಗಿ ಕಲೆಗಟ್ಟುತ್ತದೆ, ಬಾಲ್ಯದಲ್ಲೇ ಚರ್ಮದ ಕ್ಯಾನ್ಸರ್ ಬರುತ್ತದೆ; ಅವರ ಕೋಶಗಳಲ್ಲಿ ಈ ದುರಸ್ತಿಯೇ ಕೆಟ್ಟಿದೆಯೆಂದು 1968ರಲ್ಲಿ ಜೇಮ್ಸ್ ಕ್ಲೀವರ್ ತೋರಿಸಿದ್ದರು. ಈ ರೋಗಿಗಳಲ್ಲಿ ಕೆಟ್ಟಿರುವ ಜೀನ್‌ಗಳೇ ಮನುಷ್ಯನ ದುರಸ್ತಿ ಯಂತ್ರದ ಭಾಗಗಳ ಪಟ್ಟಿಯಾದವು. 1992ರಲ್ಲಿ ಸಂಜಾರ್ ತಂಡ ಮನುಷ್ಯನ ಕೋಶದಲ್ಲೂ ಎರಡು ಕಡೆ ಕತ್ತರಿ ಬೀಳುತ್ತದೆ, ಆದರೆ ಹೊರಬರುವ ತುಣುಕು 30 ಅಕ್ಷರಗಳ ಆಸುಪಾಸಿನಲ್ಲಿರುತ್ತದೆ ಎಂದು ಕಂಡಿತು. 1995ರಲ್ಲಿ ಶುದ್ಧೀಕರಿಸಿದ ಆರು ಘಟಕಗಳಿಂದ ಈ ಕತ್ತರಿಸುವಿಕೆಯನ್ನು ನಳಿಕೆಯಲ್ಲಿ ಮರುಸೃಷ್ಟಿಸಿತು. ಆಶ್ಚರ್ಯವೆಂದರೆ, ಉಪಾಯ ಒಂದೇ ಆದರೂ ಮನುಷ್ಯನ ಈ ಪ್ರೋಟೀನುಗಳು ಬ್ಯಾಕ್ಟೀರಿಯಾದ ಆ ಮೂರರ ಸಂಬಂಧಿಗಳಲ್ಲ.

ಒಂದು ತಪ್ಪು ತಿಳಿವಳಿಕೆಯನ್ನೂ ಇಲ್ಲಿ ತಿದ್ದಬೇಕು. ಡಿಎನ್‌ಎ ದುರಸ್ತಿಯನ್ನೆಲ್ಲ ಸಂಜಾರ್ ಒಬ್ಬರೇ ಕಂಡುಹಿಡಿದರೆಂದು ಕೆಲವರು ಬರೆಯುತ್ತಾರೆ. ಒಂಟಿ ಅಕ್ಷರ ಕೆಟ್ಟಾಗ ಅದನ್ನಷ್ಟೇ ಕಿತ್ತು ಸರಿಪಡಿಸುವ ದಾರಿಯನ್ನು ತೋರಿಸಿದವರು ತೋಮಸ್ ಲಿಂಡಾಲ್, ನಕಲು ಮಾಡುವಾಗ ಉಳಿದ ತಪ್ಪುಗಳನ್ನು ತಿದ್ದುವ ದಾರಿಯನ್ನು ತೋರಿಸಿದವರು ಪಾಲ್ ಮಾಡ್ರಿಚ್. ಮೂವರದೂ ಬೇರೆ ಬೇರೆ ಯಂತ್ರಗಳು. ಸಂಜಾರ್ ವಿವರಿಸಿದ ಯಂತ್ರ ಬಿಸಿಲಿನ ಬೆಸುಗೆಯನ್ನಷ್ಟೇ ಅಲ್ಲ, ತಂಬಾಕಿನ ಹೊಗೆಯ ಬೆಂಜೊಪೈರೀನ್ ಡಿಎನ್‌ಎಗೆ ಅಂಟಿಸುವ ದಪ್ಪ ಗಂಟುಗಳನ್ನೂ, ಕ್ಯಾನ್ಸರ್ ಔಷಧ ಸಿಸ್‌ಪ್ಲಾಟಿನ್ ಮಾಡುವ ಹಾನಿಯನ್ನೂ ಕತ್ತರಿಸಿ ತೆಗೆಯುತ್ತದೆ. ಕ್ಯಾನ್ಸರ್ ಕೋಶ ಆ ಔಷಧವನ್ನು ತಾಳಿಕೊಳ್ಳಲು ಇದೂ ಒಂದು ಕಾರಣ.

ನೊಬೆಲ್ ಘೋಷಣೆಯಾದ 2015ರಲ್ಲೇ ಅವರ ತಂಡ ಇನ್ನೊಂದು ವಿಧಾನವನ್ನು ಪ್ರಕಟಿಸಿತು. ಕೋಶ ಕತ್ತರಿಸಿ ಹೊರಹಾಕಿದ ಆ 30 ಅಕ್ಷರಗಳ ತುಣುಕುಗಳನ್ನು, ಅವು ಕರಗಿ ಹೋಗುವ ಮೊದಲೇ, ಅವುಗಳಿಗೆ ಇನ್ನೂ ಅಂಟಿಕೊಂಡಿರುವ ದುರಸ್ತಿ ಪ್ರೋಟೀನಿನ ಸಮೇತ ಹಿಡಿದು, ಒಂದೊಂದನ್ನೂ ಓದುವ ವಿಧಾನವದು. ತುಣುಕಿನ ಅಕ್ಷರಗಳನ್ನು ಮನುಷ್ಯನ ಪೂರ್ತಿ ಜೀನೋಮಿನ ಜೊತೆ ಹೊಂದಿಸಿದರೆ, ಕತ್ತರಿ ಬಿದ್ದದ್ದು ಯಾವ ವರ್ಣತಂತುವಿನ ಯಾವ ಜಾಗದಲ್ಲಿ, ಯಾವ ಎಳೆಯಲ್ಲಿ ಎಂದು ತಿಳಿಯುತ್ತದೆ. ಬಳಕೆಯಲ್ಲಿರುವ ಜೀನ್‌ಗಳಲ್ಲಿ, ಆರ್‌ಎನ್‌ಎಗೆ ಅಚ್ಚಾಗುವ ಎಳೆಯಿಂದ ಬಂದ ತುಣುಕುಗಳೇ ಹೆಚ್ಚು ಸಿಕ್ಕವು: ಕೋಶ ತಾನು ಈಗ ಓದುತ್ತಿರುವ ಸಾಲನ್ನೇ ಮೊದಲು ಸರಿಪಡಿಸಿಕೊಳ್ಳುತ್ತಿತ್ತು.