ವಿಮಾನ ನಿಲ್ದಾಣದ ಪುಕ್ಕಟೆ ಕಾರು ಗುದ್ದಿದರೆ ಹೊಣೆ ಯಾರದು?

ಟೆಕ್ಸಾಸ್‌ನಲ್ಲಿ ವಿಮಾನ ಹಾರಿಸಲು ಕಲಿಯುತ್ತಿದ್ದೀರಿ, ಸ್ವಂತ ಕಾರಿಲ್ಲ, ಸಣ್ಣ ನಿಲ್ದಾಣಗಳಲ್ಲಿ ಇಳಿದಾಗ ಅಲ್ಲಿನ ಕರ್ಟಸಿ ಕಾರಿನಲ್ಲಿ, ಅಂದರೆ ಬಂದಿಳಿದ ಪೈಲಟ್‌ಗಳಿಗೆ ನಿಲ್ದಾಣದವರು ಪುಕ್ಕಟೆಯಾಗಿ ಬಳಸಲು ಕೊಡುವ ಕಾರಿನಲ್ಲಿ, ಊಟಕ್ಕೆ ಹೋಗುತ್ತೀರಿ, ಅಪಘಾತವಾದರೆ ಯಾರ ವಿಮೆ ಎಂದು ಕೇಳಿದ್ದೀರಿ. ಸಾಮಾನ್ಯವಾಗಿ ಮೊದಲು ಕಾರಿನ ಮಾಲೀಕರ ವಿಮೆ, ಅದು ಸಾಲದಿದ್ದರೆ ಓಡಿಸಿದವರ ವಿಮೆ. ನಿಮಗೆ ಸ್ವಂತ ವಿಮೆಯೇ ಇಲ್ಲವಾದ್ದರಿಂದ ಮಿಕ್ಕಿದ ಹೊರೆ ನೇರವಾಗಿ ನಿಮ್ಮ ತಲೆಯ ಮೇಲೆ ಬರುತ್ತದೆ.

‘ಕಾರಿಗೆ ವಿಮೆ ಇದ್ದೇ ಇರುತ್ತದಲ್ಲ’ ಎಂದು ನೀವು ಬರೆದ ಸಾಲು ನನ್ನನ್ನು ಚಿಂತೆಗೀಡುಮಾಡಿತು. ನಮ್ಮ ಊರಿನ ಅಭ್ಯಾಸ ಅದು. ಭಾರತದಲ್ಲಿ ಥರ್ಡ್ ಪಾರ್ಟಿ ವಿಮೆ ಇದ್ದರೆ ಇನ್ನೊಬ್ಬರ ಸಾವುನೋವಿಗೆ ಕೊಡುವ ಪರಿಹಾರಕ್ಕೆ ಮಿತಿಯಿಲ್ಲ. ಕೋರ್ಟು ಎಷ್ಟು ಹೇಳುತ್ತದೋ ಅಷ್ಟನ್ನು ವಿಮಾ ಕಂಪನಿ ತುಂಬುತ್ತದೆ. ಅಮೆರಿಕದಲ್ಲಿ ಹಾಗಿಲ್ಲ. ಟೆಕ್ಸಾಸ್‌ನ ಕಾನೂನು ಕೇಳುವ ಕನಿಷ್ಠ ವಿಮೆ ಎಂದರೆ ಗಾಯಗೊಂಡ ಒಬ್ಬರಿಗೆ 30,000 ಡಾಲರ್, ಒಂದು ಅಪಘಾತದಲ್ಲಿ ಗಾಯಗೊಂಡ ಎಲ್ಲರಿಗೂ ಸೇರಿ 60,000, ಆಸ್ತಿಪಾಸ್ತಿ ಹಾನಿಗೆ 25,000. ಇಲ್ಲಿನ ಆಸ್ಪತ್ರೆಯಲ್ಲಿ ಸೊಂಟದ ಮೂಳೆ ಮುರಿದವರ ಬಿಲ್ಲು ಆ 30,000ವನ್ನು ದಾಟಲು ಹೆಚ್ಚು ದಿನ ಬೇಕಿಲ್ಲ. ಹಳೆಯ ಕಾರಿಗೆ ಮಾಲೀಕರು ಆ ಕನಿಷ್ಠ ವಿಮೆಯನ್ನಷ್ಟೇ ಮಾಡಿಸಿದ್ದರೆ ಗಾಯಾಳುವಿನ ವಕೀಲರು ಮುಂದೆ ಹುಡುಕುವುದು ನಿಮ್ಮನ್ನು.

ಮಾಲೀಕರೂ ಹೊಣೆಗಾರರಲ್ಲವೇ ಎಂದರೆ, ಅದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಫ್ಲೋರಿಡಾದಲ್ಲಿ ಅನುಮತಿ ಕೊಟ್ಟು ಕಾರು ಕೊಟ್ಟವರೂ ಓಡಿಸಿದವರ ತಪ್ಪಿಗೆ ಹೊಣೆ ಹೊರಬೇಕು. ಟೆಕ್ಸಾಸ್‌ನಲ್ಲಿ ಕಾರು ತಮ್ಮದು ಎಂಬ ಒಂದೇ ಕಾರಣಕ್ಕೆ ಹೊಣೆ ಬರುವುದಿಲ್ಲ. ಓಡಿಸಲು ಯೋಗ್ಯರಲ್ಲದವರಿಗೆ ತಿಳಿದೂ ಕೊಟ್ಟರು ಎಂಬಂಥದ್ದು ಸಾಬೀತಾಗಬೇಕು.

ನನ್ನದೇ ಒಂದು ಪ್ರಸಂಗ ಹೇಳುತ್ತೇನೆ. ಒಕ್ಲಹೋಮದ ಒಂದು ಸಣ್ಣ ನಿಲ್ದಾಣದಲ್ಲಿ ಮಧ್ಯಾಹ್ನ ಇಳಿದೆ. ಕಚೇರಿಯಲ್ಲಿ ಯಾರೂ ಇರಲಿಲ್ಲ. ಗೋಡೆಯ ಮೊಳೆಗೆ ಕೀಲಿ, ಮೇಜಿನ ಮೇಲೆ ದಾರ ಕಟ್ಟಿದ ಪೆನ್ನು, ಪಕ್ಕದಲ್ಲಿ ಪುಸ್ತಕ: ಹೆಸರು, ವಿಮಾನದ ನೋಂದಣಿ ಸಂಖ್ಯೆ, ಹೊರಟ ಸಮಯ, ಬಂದ ಸಮಯ. ಕಾರು ಪೊಲೀಸರು ಬಳಸಿ ಬಿಟ್ಟ ಫೋರ್ಡ್ ಕ್ರೌನ್ ವಿಕ್ಟೋರಿಯಾ. ರೇಡಿಯೊ ಕಿತ್ತ ಜಾಗದಲ್ಲಿ ತಂತಿಗಳು ಜೋತಾಡುತ್ತಿದ್ದವು. ಹೋಟೆಲಿನ ಹಿಂದೆ ರಿವರ್ಸ್ ತೆಗೆಯುವಾಗ ನಿಂತಿದ್ದ ಪಿಕಪ್ ಗಾಡಿಯ ಬಾಗಿಲಿಗೆ ಗುದ್ದಿದೆ. ತಪ್ಪು ಪೂರ್ತಿ ನನ್ನದೇ. ನಿಲ್ದಾಣದ ವ್ಯವಸ್ಥಾಪಕರಿಗೆ ಫೋನ್ ಮಾಡಿದಾಗ ಆ ಹಿರಿಯರು ಕೇಳಿದ ಮೊದಲ ಮಾತು ‘ಯಾರಿಗಾದರೂ ಪೆಟ್ಟಾಯಿತೇ’ ಎಂದು. ಕಾರು ನಗರಸಭೆಯ ಹೆಸರಿನಲ್ಲಿತ್ತು. ಪಿಕಪ್ಪಿನ ಬಾಗಿಲನ್ನು ಅವರ ವಿಮೆ ಸರಿಪಡಿಸಿಕೊಟ್ಟಿತು. ಆದರೆ ಆ ಹಳೆಯ ಕಾರಿನ ಸ್ವಂತ ಹಾನಿಗೆ ಅವರು ವಿಮೆ ಮಾಡಿಸಿರಲಿಲ್ಲ. ನನ್ನ ಕಾರಿನ ಪಾಲಿಸಿಯಲ್ಲಿ ಡಿಕ್ಕಿ ಹೊಡೆದಾಗ ಕಾರಿಗೇ ಆಗುವ ಹಾನಿಯ ರಕ್ಷಣೆ ಇದ್ದುದರಿಂದ, ಅದು ಎರವಲು ತಂದ ಕಾರಿಗೂ ಅನ್ವಯಿಸಿ, ಡಿಡಕ್ಟಿಬಲ್‌ನ, ಅಂದರೆ ವಿಮೆ ಮಾಡಿಸಿದವರೇ ಭರಿಸಬೇಕಾದ ಪಾಲಿನ, 500 ಡಾಲರನ್ನು ಮಾತ್ರ ನಾನು ಕೊಟ್ಟೆ. ನನಗೂ ಕಾರಿಲ್ಲದೇ ಇದ್ದಿದ್ದರೆ, ನಂಬಿಕೆಯ ಮೇಲೆ ಕೀಲಿ ಬಿಟ್ಟುಹೋದ ಆ ಊರಿನ ಕಾರನ್ನು ಪೂರ್ತಿ ನನ್ನ ಹಣದಲ್ಲೇ ಸರಿಪಡಿಸಬೇಕಿತ್ತು.

ವಿಮಾನದ ವಿಮೆ ಇಲ್ಲಿ ನೆರವಿಗೆ ಬರುತ್ತದೆ ಎಂದು ನಂಬಬೇಡಿ. ಬಾಡಿಗೆ ವಿಮಾನ ಹಾರಿಸುವವರು ಕೊಳ್ಳುವ ಪಾಲಿಸಿ ವಿಮಾನಕ್ಕೆ ಸಂಬಂಧಪಟ್ಟದ್ದು, ರಸ್ತೆಗಲ್ಲ. ಕ್ರೆಡಿಟ್ ಕಾರ್ಡಿನ ಬಾಡಿಗೆ ಕಾರು ಸೌಲಭ್ಯವೂ ಸಿಗದು. ಕಾರ್ಡಿನಲ್ಲಿ ಬಾಡಿಗೆ ಕಟ್ಟಿದರೆ ತಾನೆ ಅದು ಅನ್ವಯಿಸುವುದು?

ನಿಮ್ಮ ಸ್ಥಿತಿಗೆ ಹೇಳಿ ಮಾಡಿಸಿದ್ದು ‘ನಾನ್-ಓನರ್’ ಪಾಲಿಸಿ, ಅಂದರೆ ಸ್ವಂತ ಕಾರಿಲ್ಲದೆ ಆಗಾಗ ಬೇರೆಯವರ ಕಾರು ಓಡಿಸುವವರಿಗೆ ಸಿಗುವ ವಿಮೆ. ಮಾಲೀಕರ ವಿಮೆಯ ಮಿತಿ ಮುಗಿದ ಮೇಲೆ ಇದು ಕೆಲಸಕ್ಕೆ ಬರುತ್ತದೆ. ಕನಿಷ್ಠ ಮಿತಿಯದನ್ನು ಕೊಳ್ಳಬೇಡಿ, ನಿಮ್ಮ ಕೈಗೆಟುಕುವಷ್ಟು ದೊಡ್ಡ ಮಿತಿಯದನ್ನೇ ಕೊಳ್ಳಿ. ಆದರೆ ಇದು ಎದುರಿನವರಿಗೆ ಆದ ಹಾನಿಯನ್ನು ಮಾತ್ರ ತುಂಬುತ್ತದೆ, ನೀವು ಓಡಿಸುತ್ತಿದ್ದ ಕಾರಿನದನ್ನಲ್ಲ. ಇನ್ನೊಂದು ವಿಷಯ, ಇದನ್ನು ನಿಮ್ಮಂಥ ವಿದ್ಯಾರ್ಥಿಗಳು ಗಮನಿಸುವುದೇ ಇಲ್ಲ: ದಿನನಿತ್ಯದ ಬಳಕೆಗೆ ನಿಮಗೆಂದೇ ಸಿಗುವ ಕಾರನ್ನು ಇಂಥ ಪಾಲಿಸಿಗಳು ಸಾಮಾನ್ಯವಾಗಿ ಹೊರಗಿಡುತ್ತವೆ. ಎಂದೋ ಒಮ್ಮೆ ಇಳಿದ ನಿಲ್ದಾಣದ ಕಾರು ಬೇರೆ, ನಿಮ್ಮ ತರಬೇತಿ ಶಾಲೆ ವಿದ್ಯಾರ್ಥಿಗಳಿಗೆಂದು ಇಟ್ಟಿರುವ, ನೀವು ವಾರವೆಲ್ಲ ಓಡಿಸುವ ಕಾರು ಬೇರೆ. ಆ ಎರಡನೆಯದರ ಬಗ್ಗೆ ಏಜೆಂಟರನ್ನು ಬಿಡಿಸಿ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಪುಸ್ತಕದಲ್ಲಿ ಸಹಿ ಹಾಕುವ ಮೊದಲು ಮೇಲಿರುವ ಒಕ್ಕಣೆ ಓದಿ. ‘ಯಾವುದೇ ಹಾನಿಗೆ ಓಡಿಸುವವರೇ ಜವಾಬ್ದಾರರು’ ಎಂದು ಅಚ್ಚಾಗಿದ್ದರೆ ನಿಮ್ಮ ಸಹಿ ಅದಕ್ಕೂ ಬೀಳುತ್ತದೆ. ಗ್ಲವ್ ಬಾಕ್ಸ್ ತೆರೆದು ವಿಮೆಯ ಚೀಟಿಯ ದಿನಾಂಕ ನೋಡಿ. ಹಾರುವ ಮೊದಲು ವಿಮಾನವನ್ನು ಸುತ್ತಿ ನೋಡುವ ಹಾಗೆ ಕಾರನ್ನೂ ಒಂದು ಸುತ್ತು ನೋಡಿ, ಟೈರು, ಬ್ರೇಕು, ದೀಪ, ಹಳೆಯ ತಗ್ಗುಗಳು. ಮೊಬೈಲಿನಲ್ಲಿ ಚಿತ್ರ ತೆಗೆದಿಡಿ. ಕೀಲಿಯನ್ನು ಜೊತೆಗಿರುವ ಗೆಳೆಯರಿಗೆ ಕೊಡಬೇಡಿ, ಅನುಮತಿ ಸಿಕ್ಕಿರುವುದು ಸಹಿ ಹಾಕಿದವರಿಗೆ. ಒಂದು ಗಂಟೆ ಎಂದು ಬರೆದಿದ್ದರೆ ಐವತ್ತು ಮೈಲಿ ದೂರದ ಊರಿಗೆ ಹೋಗಬೇಡಿ. ಅನುಮತಿಯ ಮೇರೆ ಮೀರಿದಿರಿ ಎಂದು ವಿಮಾ ಕಂಪನಿ ತಕರಾರು ತೆಗೆಯಬಹುದು.

ಊಟದ ಜೊತೆ ಬಿಯರ್ ಮಾತ್ರ ಬೇಡವೇ ಬೇಡ. ಕುಡಿದು ಓಡಿಸಿದ ಪ್ರಕರಣದಲ್ಲಿ ಶಿಕ್ಷೆಯಾದರೆ ಅಥವಾ ಚಾಲನಾ ಪರವಾನಗಿ ಅಮಾನತಾದರೆ 60 ದಿನದೊಳಗೆ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆಯಾದ ಎಫ್‌ಎಎಗೆ ಲಿಖಿತವಾಗಿ ತಿಳಿಸಬೇಕು. ವಿದ್ಯಾರ್ಥಿ ಪೈಲಟ್‌ಗೂ ಈ ನಿಯಮ ಇದೆ. ತಿಳಿಸದೆ ಮುಚ್ಚಿಟ್ಟರೆ ಅದೇ ನಿಮ್ಮ ಪೈಲಟ್ ಪ್ರಮಾಣಪತ್ರವನ್ನು ಅಮಾನತು ಅಥವಾ ರದ್ದು ಮಾಡಲು ಕಾರಣವಾಗಬಹುದು.

ಏಜೆಂಟರ ಬಳಿ ಹೋಗುವಾಗ ತರಬೇತಿ ಶಾಲೆಯ ಕಾರಿನ ವಿಮೆಯ ಪ್ರತಿಯನ್ನೂ ತೆಗೆದುಕೊಂಡು ಹೋಗಿ. ಅವರು ಏನೆಂದರು ಎಂದು ಇಲ್ಲಿ ಬರೆದರೆ ಮುಂದಿನದನ್ನು ನೋಡೋಣ.